ಹೊಸಬರ ಜೊತೆ ಆಡದವರಿಗೆ

ರೀ,

ಗೌಡಗೆರೆಗೆ, ಅಕ್ಕನ ಮನೆಗೆ ಹೊಂಟಿದೀನಿ. ಬಿತ್ತನೆಗೆ ಕಡ್ಲೆಕಾಯಿ ಸುಲಿಯೋಕೆ ಕರೆದವ್ಳೆ. ನಾಳೆ ಸಂಜೆ ಬರ್ತೀನಿ. ಮುದ್ದೆ ಮುಚ್ಚಿಟ್ಟಿದೀನಿ, ಸಾರು ಬಿಸಿ ಮಾಡ್ಕಳಿ. ಮೋಡ ಆದ್ರೆ ಮಾಳಿಗೆ ಮೇಲಿನ ಸಂಡಿಗೆ ಒಳಗೆ ತನ್ನಿ.

ಗ್ಯಾಸ್ ಬುಕ್ ಆಗದೆ. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಓಟಿಪಿ ನೋಡೋಕೆ ನಿಮ್ಮ ಫೋನ್ ತೆಗೆದೆ. ಚೆಸ್ ತೆರೆದೇ ಇತ್ತು.

ತಾಲ್ಲೂಕಿಗೇ ಫಸ್ಟ್ ಬಂದ ಕಪ್ಪನ್ನ ಷೋಕೇಸಲ್ಲಿ ಇಟ್ಟಿರೋರು ನೀವು. ಫೋನಲ್ಲಿ ಮಾತ್ರ ಬಿಗಿನರ್ ಸಾಲಲ್ಲಿ ಕೂತಿದೀರ! ಪಾಪದವರನ್ನ ಹುಡುಕಿ ಬಡಿಯೋದು, ಜಾಸ್ತಿ ಗೆದ್ರೆ ಮೇಲಿನ ಸಾಲಿಗೆ ಹತ್ತಿಸ್ಬುಟ್ಟಾರು ಅಂತ ನಡುನಡುವೆ ಬೇಕಂತ್ಲೇ ಸೋಲೋದು.

ಯುಗಾದಿಯಿಂದ ನನ್ನ ಫೋನಲ್ಲಿ ನಾನೂ ಅದೇ ಸಾಲಲ್ಲಿ ಒದೆ ತಿಂತಾ ಇದೀನಿ. "ಇವರು ಹೆಂಗ್ರೀ ಹೊಸಬರು, ಕಣ್ಮುಚ್ಚಿ ಬಿಡೋದ್ರೊಳಗೆ ಮಂತ್ರೀನೇ ಹೊಡೀತಾರಲ್ಲ" ಅಂತ ಗೋಳಾಡಿದ್ರೆ ಏನಂದ್ರಿ? "ಅವರೂ ನಿನ್ನಂಗೆ ಕಲಿಯೋರೇ ಕಣೆ, ನಿನಗೆ ತಲೆ ಓಡಲ್ಲ" ಅಂದ್ರಿ. ನಾನೂ ನಂಬ್ದೆ. ನಿಮ್ಮಂಥೋರೇ ಅಲ್ಲಿ ತುಂಬ್ಕೊಂಡವ್ರೆ ಅಂತ ಈಗ ಗೊತ್ತಾಯ್ತು.

ಹಾಲಿನವನಿಗೆ ಇವತ್ತು ಅರ್ಧ ಲೀಟರ್ ಸಾಕು ಅನ್ನಿ.

ಮದುವೆಯಾದ ಹೊಸದರಲ್ಲಿ ನಾನೇ ಬೋರ್ಡ್ ಹಾಸಿ, ಕಾಯಿ ಜೋಡಿಸಿ, ಒಂದಾಟ ಆಡೋಣ ಬನ್ನಿ ಅಂದಿದ್ದೆ. "ಹೊಸಬರ ಜೊತೆ ಆಡೋಕೆ ನನಗೆ ಬೇಜಾರು" ಅಂತ ಎದ್ದೋದ್ರಿ. ಆಮೇಲೆ ನಾನು ಕೇಳ್ಲೇ ಇಲ್ಲ.

ನೀವು ಯಾರ್‍ಯಾರ ಜೊತೆ ಆಡಿದೀರ ಅಂತ ಇವತ್ತು ನೋಡ್ದೆ ಕಣ್ರೀ. ಎಲ್ಲಾ ಹೊಸಬರೇ. ನೀವು ನೀರು ಹುಯ್ಕೊಂಡು ಬರೋವರೆಗೂ ಬೆರಳಲ್ಲಿ ಸರಿಸ್ತಾನೇ ಇದ್ದೆ, ಮುಗೀಲಿಲ್ಲ.

ಅಷ್ಟು ಜನರಲ್ಲಿ ನಿಮಗೆ ಬೇಜಾರಾಗಿದ್ದು ನಾನೊಬ್ಳೇ.