ಗಡಿಯಾರದಮ್ಮನ ಬಾಗಿಲು

ಹಳೆಯ ಪೇಟೆಯ ಬಿಡಾರ
ಫೆಬ್ರವರಿ ೧೧, ಬುಧವಾರ

ನನ್ನ ಮುದ್ದಿನ ಮೊಮ್ಮಗಳೇ,

ಹೇಗಿದ್ದೀಯಮ್ಮಾ? ಹೆಬ್ಬೆರಳಿನ ಬೊಬ್ಬೆ ಒಣಗಿತೇ? ಒಡೆಯಬೇಡವೆಂದರೆ ಒಡೆದೇ ನೋಡುವವಳು ನೀನು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಬೇಸರಕ್ಕೆ ಬರಿಯ ಚಹಾ ಕುಡಿದು ದಿನ ತಳ್ಳುತ್ತಿದ್ದೀಯೋ? ನನ್ನ ಮಂಡಿನೋವು ಎಂದಿನಂತಿದೆ. ಏಣಿ ಹತ್ತುವಾಗ ಇರುತ್ತದೆ, ನಿರ್ದೇಶಕರು ಹೊಗಳುವಾಗ ಇರುವುದಿಲ್ಲ. ಮರಗೆಲಸ ಸಾಕು, ಇನ್ನು ಗರಗಸ ಮುಟ್ಟುವುದಿಲ್ಲ ಎಂದು ನೀನು ಹೇಳಿದ್ದನ್ನು ನಿನ್ನ ಅಮ್ಮ ಫೋನಿನಲ್ಲಿ ತಿಳಿಸಿದಳು. ಅದಕ್ಕೆ ಫೋನಿನಲ್ಲೇ ಉತ್ತರ ಕೊಡಲು ನನಗೆ ನಾಲಿಗೆ ಏಳಲಿಲ್ಲ. ಆದ್ದರಿಂದ ಈ ಕಾಗದ.

ಚಿತ್ರೀಕರಣ ಸಾಗಿದೆ. ನಮ್ಮ ಬೀದಿ ಇನ್ನೂರು ವರ್ಷ ಹಿಂದಕ್ಕೆ ಹೋಗಿ ಹಾಯಾಗಿ ಕುಳಿತಿದೆ. ನೀನು ಸೆಣಬಿನ ಚೀಲ ಹೊದಿಸಿ ಮರೆಮಾಡಿದ ನೀರಿನ ಮೀಟರುಗಳು ಕ್ಯಾಮೆರಾದ ಕಣ್ಣಿಗಿರಲಿ, ಅವನ್ನು ಓದಲು ಬಂದವನ ಕಣ್ಣಿಗೂ ಬೀಳದೆ ಅವನು ಬೀದಿಯನ್ನು ಎರಡು ಸುತ್ತು ಹಾಕಿದ. ಮೊನ್ನೆ ನಮ್ಮ ಮಹಾರಾಜರು ಕನ್ನಡಕ ತೆಗೆಯುವುದನ್ನೇ ಮರೆತು ಯುದ್ಧ ಸಾರಿದರು. ಉಡುಪಿನ ಅಕ್ಕ, “ಮಹಾಸ್ವಾಮಿ, ಕತ್ತಿ ಆಮೇಲೆ ಎತ್ತಿ, ಮೊದ್ಲು ಕನ್ನಡಕ ಇಳಿಸಿ” ಎಂದದ್ದಕ್ಕೆ ಶತ್ರುಸೈನ್ಯವೂ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೈನಿಕರು ಬಾಗಿಲು ಒಡೆಯುವ ದೃಶ್ಯವೂ ಮುಗಿಯಿತು. ನಾನು ಮಾಡಿದ ನಕಲು ಬಾಗಿಲು ಮೂರನೆಯ ಏಟಿಗೆ, ನೀನು ಲೆಕ್ಕ ಹಾಕಿದ್ದ ಜಾಗದಲ್ಲೇ ಸೀಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ನಿನ್ನನ್ನು ಹುಡುಕುವವನಂತೆ ಹಿಂದಕ್ಕೆ ತಿರುಗಿ ನೋಡಿದೆ.

ಅಸಲು ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಗಡಿಯಾರ ರಿಪೇರಿಯ ಗಡಿಯಾರದಮ್ಮನ ಮನೆಯಲ್ಲಿ ಅದು ಎರಡು ಬೆರಳು ಗಿಡ್ಡವಾಗಿ ನಿಂತಿದೆ. ಅವರ ಬೆಕ್ಕು ಆ ಸಂದಿಯಲ್ಲಿ ಪಂಜ ಚಾಚಿ ಹೋಗಿಬರುವವರ ಕಾಲ್ಬೆರಳು ಹಿಡಿಯುತ್ತದೆ. ಆ ಬೆಳಗು ನನ್ನ ಕಣ್ಣಿನಿಂದ ಮರೆಯಾಗುತ್ತಿಲ್ಲ. ದೃಶ್ಯಕ್ಕೆ ನಕಲು ಕೂರಿಸಲೆಂದು ಅವರ ಮನೆಯಿಂದ ಕಳಚಿದ ಅಸಲು, ಪಕ್ಕದಲ್ಲೇ ನಕಲು; ಅಂಗಳದ ಗೋಡೆಗೆ ಒರಗಿಸಿದ್ದ ಎರಡೂ ಬಾಗಿಲುಗಳು, ಒಂದೇ ಜಾತಿಯ ಮರ, ಒಂದೇ ಬಣ್ಣ. ಹೊಸಿಲಿಗೆ ಉಜ್ಜುತ್ತಿದ್ದ ನಕಲನ್ನು ತುಸು ಕೊಯ್ಯೆಂದು ನಾನು ಹೇಳಿದೆ. ನೀನು ಅಸಲನ್ನು ಕೊಯ್ದೆ. ನಕಲಿನ ಹಿಂಬದಿಗೆ ಕೆಮ್ಮಣ್ಣಿನ ಹೆಬ್ಬೆಟ್ಟು ಒತ್ತುವುದು ನಮ್ಮ ಕೆಲಸದ ಕಟ್ಟಳೆ, ಅದನ್ನು ನೋಡದೆ ಗರಗಸ ಎತ್ತಬಾರದೆಂಬುದು ನಾನು ನಿನಗೆ ಕಲಿಸಿದ ಮೊದಲ ಪಾಠ. “ನೋಡಿದೆ ತಾತ, ಎರಡರ ಮೇಲೂ ಇರ್ಲಿಲ್ಲ. ಇದೇ ಹೆಚ್ಚು ಚೆನ್ನಾಗಿತ್ತು, ಅದಕ್ಕೇ ನಿಮ್ಮ ಕೈಯದ್ದು ಅಂದ್ಕೊಂಡೆ” ಎಂದೆ. ಮ್ಯಾನೇಜರು, “ತಾತನ ಹೆಸರನ್ನೇ ಎರಡು ಬೆರಳು ಕೊಯ್ದುಬಿಟ್ಟೆಯಲ್ಲೇ ಪುಟ್ಟಿ!” ಎಂದು ಚುಚ್ಚಿದರು. ಮಧ್ಯಾಹ್ನದ ಬಸ್ಸಿಗೆ ನೀನು ಹೊರಟುಹೋಗಿದ್ದೆ.

ಬಾಗಿಲನ್ನು ನಾನೇ ಸರಿಪಡಿಸಿಕೊಡುತ್ತೇನೆಂದು ಹೋದರೆ ಗಡಿಯಾರದಮ್ಮ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನೂ ತೆಗೆಯದೆ, “ನಿಮ್ಮ ಕೈ ಬೇಡ ಮೇಸ್ತ್ರಿ. ಕೊಯ್ದವಳೇ ಬಂದು ಕೂಡಿಸ್ಲಿ. ಕಲಿಯೋವಾಗ ನಾನು ಕೆಡಿಸಿದ ಗಡಿಯಾರಗಳು ಒಂದಾ ಎರಡಾ? ಬಿಟ್ಟು ಓಡಿದ್ರೆ ಈ ಕುರ್ಚೀಲಿ ಇರ್ತಿದ್ನಾ?” ಎಂದರು. ಹಾಗೆಂದು ಹೇಳಿ ಬೆಕ್ಕನ್ನು ಬೈಯುತ್ತಾ ಮತ್ತೆ ಕೆಲಸಕ್ಕೆ ಬಗ್ಗಿದರು.

ಮಗೂ, ನಲವತ್ತು ವರ್ಷಗಳಲ್ಲಿ ನನ್ನ ಕೈಕೆಳಗೆ ಬಹಳ ಮಂದಿ ಕಲಿತಿದ್ದಾರೆ. ಉಳಿ ಹಿಡಿಯುವ ಮೊದಲು ಮರವನ್ನು ಅಂಗೈಯಿಂದ ಸವರಿ ನೋಡುವವರು ಅವರಲ್ಲಿ ಮೂವರೋ ನಾಲ್ವರೋ. ಅದನ್ನು ನಿನಗೆ ಯಾರೂ ಹೇಳಿಕೊಡಲಿಲ್ಲ. ಹೊಸದನ್ನು ಹಳೆಯದಾಗಿಸುವ ಈ ವಿದ್ಯೆಯಲ್ಲಿ ನೀನು ನನ್ನನ್ನು ಮೀರಿಸುತ್ತೀಯೆ ಎಂಬ ನಂಬಿಕೆ ನನಗೆ ಮೊದಲೂ ಇತ್ತು, ಈಗಲೂ ಇದೆ. ಇಪ್ಪತ್ಮೂರರಂದು ನಾವು ಇಲ್ಲಿಂದ ಬಿಡಾರ ಕೀಳುತ್ತೇವೆ. ಅದರೊಳಗೆ ಬರುವ ಮನಸ್ಸು ಮಾಡು.

ಅಮ್ಮನಿಗೆ ನನ್ನ ನೆನಪು ತಿಳಿಸು. ನಿನ್ನ ಕೈಗೂ ಕಣ್ಣಿಗೂ ಒಳ್ಳೆಯದಾಗಲಿ. ಹಿಡಿದ ಹತ್ಯಾರ ನಿನ್ನ ಮಾತು ಕೇಳಲಿ.

ಇಂತು ನಿನ್ನ
ತಾತ

ಮರೆಯುವ ಮುನ್ನ: ಮರೆತದ್ದಲ್ಲ, ಹೆದರಿ ಕೊನೆಗೆ ಉಳಿಸಿಕೊಂಡೆ. ನೀನು ಸರಿಯಾಗಿಯೇ ನೋಡಿದ್ದೆ. ಹೆಬ್ಬೆಟ್ಟು ಇರಲಿಲ್ಲ. ನಿರ್ದೇಶಕರಿಗೆ ಅಸಲು ಯಾವುದು ನಕಲು ಯಾವುದು ತಿಳಿಯದೆ ಬೆರಗಾಗಲೆಂಬ ಚಪಲಕ್ಕೆ ಆ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದವನು ನಾನು. ಎಲ್ಲರೂ ನಿನ್ನನ್ನು ಆಡಿಕೊಳ್ಳುವಾಗ ಬಾಯಿಗೆ ಬೀಗ ಹಾಕಿಕೊಂಡು ನಿಂತವನೂ ನಾನೇ. ಇವತ್ತು ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ಸೇರಿಸಿ ಹೇಳಿದ್ದೇನೆ, ಗಡಿಯಾರದಮ್ಮನಿಗೂ ಹೇಳಿದ್ದೇನೆ. “ಹಾಗಾದ್ರೆ ಇಬ್ರೂ ಕೂತು ಕೂಡಿಸಿ” ಎಂದರು. ಕೊಯ್ದ ಆ ತುಂಡಿಗಾಗಿ ಅಂಗಳವೆಲ್ಲ ತಡಕಾಡಿದೆ, ಸಿಗಲಿಲ್ಲ. ನೀನು ಬಸ್ಸು ಹತ್ತುವಾಗ ಅದು ನಿನ್ನ ಚೀಲದಿಂದ ಹೊರಗೆ ಚಾಚಿಕೊಂಡಿದ್ದನ್ನು ಉಡುಪಿನ ಅಕ್ಕ ನೋಡಿದರಂತೆ. ಬರುವಾಗ ಮರೆಯದೆ ತಾ, ಮಗಳೇ.