ಖಾಲಿ ಮೋಟಾರಿನ ಸಿಳ್ಳೆ

ಮಾರ್ಚ್ 3, ಬೆಳಗ್ಗೆ

ಬರೀಬೇಕಂತೆ. ಕಿವಿ ಡಾಕ್ಟರಮ್ಮನ ಅಪ್ಪಣೆ. ಕಿವಿಯಲ್ಲಿ ಶಬ್ದ ಯಾವಾಗ ಬರುತ್ತೆ, ಎಂಥದ್ದು, ಆಗ ಏನು ಮಾಡ್ತಿದ್ದೆ — ದಿನಾ ಬರೆದು ತನ್ನಿ ಅಂದಳು ಆಯಮ್ಮ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನ ಕೈಗೆ ಈ ವಯಸ್ಸಲ್ಲಿ ಪೆನ್ನು. ಹಲ್ಲುನೋವು ಅಂತ ಹೋದವನಿಗೆ ಹಾಡು ಹೇಳು ಅಂದ ಹಾಗೆ. ಓದೋರು ಯಾರು? ಆಯಮ್ಮನಿಗೆ ಪುರುಸೊತ್ತಿಲ್ಲ, ನನಗೆ ಕನ್ನಡಕ ಸಿಕ್ಕಲ್ಲ.

ಶಬ್ದ: ಇಲ್ಲ. ಬರೆದೆ. ಮುಗೀತು.

ಮಾರ್ಚ್ 4

ಶಬ್ದ: ಇಲ್ಲ.

ಡಾಕ್ಟರ ಹತ್ತಿರ ಎಳಕೊಂಡು ಹೋದದ್ದು ಹೆಂಡತಿ. ಅಡುಗೆಮನೆಯಿಂದ ಕೂಗಿದರೆ ನನಗೆ ಕೇಳಲ್ಲವಂತೆ. ಮದುವೆಯಾದ ದಿನದಿಂದ ಕೂಗ್ತಿದ್ದಾಳೆ, ಎಲ್ಲದಕ್ಕೂ ಓ ಅನ್ನೋಕಾಗುತ್ತಾ?

ನನ್ನ ಕಿವಿಗೆ ಪರೀಕ್ಷೆ! ಜನ ಕರೆಯೋದೇ ಕಿವಿ ಮೇಸ್ತ್ರಿ ಅಂತ. ಮೋಟಾರು ಓಡ್ತಿರುವಾಗ ಉದ್ದನೆ ಸ್ಕ್ರೂಡ್ರೈವರಿನ ತುದಿ ಅದರ ಮೈಗೆ ಒತ್ತಿ, ಹಿಡಿ ಕಿವಿಗೆ ಇಟ್ಟರೆ ಸಾಕು. ಬೇರಿಂಗ್ ಸತ್ತಿದೆಯೋ, ಒಳಗಿನ ತಂತಿ ಸಡಿಲವೋ — ಬಿಚ್ಚೋ ಮೊದಲೇ ಹೇಳ್ತೇನೆ. ಅದರಲ್ಲೇ ಮನೆ ನಡೆದದ್ದು. ಅದರಲ್ಲೇ ಮಗಳು ಓದಿದ್ದು.

ಮಾರ್ಚ್ 9, ಮಧ್ಯಾಹ್ನ

ಮಗಳ ಡ್ರೈವ್ ರೆಡಿ. ಮೋಟಾರಿನ ಸ್ಪೀಡ್ ಏರಿಸಿ ಇಳಿಸೋ ಡಬ್ಬಿ. ನನ್ನ ರಿಪೇರಿ ಶೆಡ್ಡಿನ ಒಂದು ಮೂಲೆ ಹಿಡಿದು ಎರಡು ವರ್ಷ ಕೂತಿದ್ದಳು. ಪೇಟೆಯಲ್ಲಿ ಸಿಗೋ ಡ್ರೈವು ಕರೆಂಟನ್ನು ಒರಟಾಗಿ ಕೊಚ್ಚಿ ಕೊಡುತ್ತೆ, ಅದಕ್ಕೇ ಮೋಟಾರು ಕುಂಯ್ ಅಂತ ಸಿಳ್ಳೆ ಹಾಕೋದು. ಇವಳದರಲ್ಲಿ ಕಂಪ್ಯೂಟರ್ ಚಿಪ್ಪಿನೊಳಗೇ ಅಲೆಯ ಲೆಕ್ಕ ಇದೆಯಂತೆ. ಸಣ್ಣ ಸಣ್ಣಗೆ ಕೊಚ್ಚಿ, ಸೋಸಿ, ನುಣ್ಣಗೆ ಬಿಡುತ್ತಂತೆ.

"ಅಪ್ಪ, ಅವರದು ಮೆಟ್ಟಿಲು, ನನ್ನದು ಜಾರುಬಂಡೆ. ಎರಡರಲ್ಲೂ ಇಳಿಯಬಹುದು. ದಡಬಡ ಅನ್ನೋದು ಯಾವುದು ಹೇಳು?"

"ಚಡ್ಡಿ ಹರಿಯೋದು ಯಾವುದರಲ್ಲಿ, ಅದನ್ನ ಹೇಳು ನೀನು" ಅಂದೆ. ನಕ್ಕಳು.

ಕರೆಂಟಿನ ಅಲೆ ತೋರಿಸೋ ಸ್ಕೋಪಿನ ಪರದೆ ಮೇಲೆ ಗೆರೆ ತೋರಿಸಿದಳು. ನೀರಲ್ಲಿ ಹಾವು ಹೋದ ಹಾಗೆ. ಎಲ್ಲೂ ಒಂದು ಮುಳ್ಳಿಲ್ಲ. ಚೆನ್ನಾಗಿತ್ತು. ಅವಳಿಗೆ ಹೇಳಲಿಲ್ಲ — ಹೊಗಳಿದರೆ ತಲೆ ಮೇಲೆ ಕೂರ್ತಾರೆ.

ಆಮೇಲೆ ಸ್ಕ್ರೂಡ್ರೈವರ್ ಇಟ್ಟೆ. ಸಿಳ್ಳೆ. ತೆಳ್ಳಗೆ, ಸೂಜಿ ಹಾಗೆ.

ಹೇಳಿದೆ. ಪರದೆ ನೋಡಿದಳು. "ಇಲ್ಲ ಅಪ್ಪ" ಅಂದಳು. ಮೋಟಾರನ್ನ ಕಣ್ಣಲ್ಲಿ ಕೇಳೋ ಕಾಲ ಬಂತು.

ಮಾರ್ಚ್ 11

ಮತ್ತೆ ಅದೇ ಜಗಳ.

"ಪೇಟೆಯ ಡ್ರೈವಿಗಿಂತ ಕಮ್ಮಿ ಇದೆಯಾ, ಜಾಸ್ತಿ ಇದೆಯಾ?"

"ಅಷ್ಟೇ ಇದೆ."

"ಸ್ಪೀಡ್ ಬದಲಾಯಿಸಿದರೂ?"

"ಅಷ್ಟೇ."

"ಸ್ಕ್ರೂಡ್ರೈವರ್ ತೆಗೆದ ಮೇಲೂ ಕೇಳುತ್ತಾ ಅಪ್ಪ?"

ಏನು ಹೇಳಬೇಕು ಅಂತಿದ್ದಾಳೋ ಗೊತ್ತಾಯ್ತು. ಟೀ ಲೋಟ ಕುಕ್ಕಿದೆ. ಅರ್ಧ ಟೀ ಅವಳ ಮೇಜಿನ ಮೇಲೆ. ಒರೆಸಿಕೊಂಡಳು.

ಹೆಂಡತಿ ಊಟಕ್ಕೆ ಕೂತಾಗ — "ಇಲ್ಲದ ಸಿಳ್ಳೆ ಕೇಳುತ್ತೆ ರೀ ನಿಮಗೆ. ಪಕ್ಕದಲ್ಲಿ ಕೂತು ಅರಚಿದರೆ ಕೇಳಲ್ಲ."

ಶಬ್ದ: ಇಲ್ಲ. ಇರೋದು ಮೋಟಾರಿನಲ್ಲಿ.

ಮಾರ್ಚ್ 14, ಸಂಜೆ

ಆಸ್ಪತ್ರೆಯ ಆಫೀಸರು ಬಂದಿದ್ದ. ಈಗ ಹುಟ್ಟಿದ ಕೂಸುಗಳ ವಾರ್ಡು. ಅಲ್ಲಿ ಗಾಳಿ ತಳ್ಳೋ ಮೋಟಾರಿಗೆ ಸದ್ದಿಲ್ಲದ ಡ್ರೈವ್ ಬೇಕು. ಮಗಳಿಗೆ ಇದು ಮೊದಲನೇ ಗಿರಾಕಿ. ತಲೆ ಬಾಚಿ, ಶೆಡ್ಡು ಗುಡಿಸಿ, ನನ್ನ ಸ್ಟೂಲನ್ನೂ ಒರೆಸಿಟ್ಟಿದ್ದಳು.

ಓಡಿಸಿದಳು. ಅವನು ಬಗ್ಗಿ ಕೇಳಿದ.

"ನನಗೇನೂ ಕೇಳ್ತಿಲ್ಲ ಮೇಸ್ತ್ರಿ. ಆದರೆ ದೊಡ್ಡೋರಿಗೆ ಕೇಳದ್ದು ಕೂಸುಗಳಿಗೆ ಕೇಳುತ್ತಲ್ಲ. ನೀವು ಕಿವಿ ಇಟ್ಟು ಒಂದು ಮಾತು ಹೇಳಿಬಿಡಿ, ಸಾಕು."

ಮಗಳು ನನ್ನ ಮುಖ ನೋಡಿದಳು. ಸ್ಕ್ರೂಡ್ರೈವರ್ ಇಟ್ಟೆ.

"ಸಿಳ್ಳೆ ಇದೆ."

ಇತ್ತು. ಕೇಳಿದೆ. ಮಗಳು ಅಂತ ಸುಳ್ಳು ಹೇಳೋಕೆ ನನ್ನ ನಾಲಿಗೆ ಬಾಡಿಗೆಗಿಲ್ಲ.

"ಮನೆಯವರೇ ಹೀಗಂದ ಮೇಲೆ..." ಅಂತ ಎದ್ದ. ಇನ್ನೊಬ್ಬರದ್ದೂ ನೋಡ್ತಾರಂತೆ. 28, ಶನಿವಾರ ತೀರ್ಮಾನ.

ಸ್ವಿಚ್ ಆರಿಸಿದಳು. "ಒಂದು ಸಲ ನನ್ನನ್ನ ಕೇಳಿ ಹೇಳಬಹುದಿತ್ತು."

"ಕೇಳಿಸಿದ್ದು ಹೇಳಿದೆ."

"ಏನು ಕೇಳಿಸಿತೋ ನಿನಗೆ" ಅಂದಳು. ಅಷ್ಟೇ.

ಮಾರ್ಚ್ 15

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಶಬ್ದ: ಇಲ್ಲ.

ಮಾರ್ಚ್ 21, ಮಧ್ಯಾಹ್ನ

ಮಗಳು ಶೆಡ್ಡಿಗೆ ಬರ್ತಿಲ್ಲ. ಸ್ಕೋಪಿಗೆ ಹಳೇ ಬೆಡ್‌ಶೀಟ್ ಮುಚ್ಚಿದ್ದಾಳೆ — ಹೆಣಕ್ಕೆ ಮುಚ್ಚಿದ ಹಾಗೆ.

ಸುಟ್ಟ ಪಂಪಿನ ಮೋಟಾರು ಬಂದಿತ್ತು. ತಂತಿ ಪೂರ್ತಿ ಕಿತ್ತಿದ್ದೆ. ಬೆಂಚಿನ ಮೇಲೆ ಬರೀ ಕಬ್ಬಿಣದ ಬಾಡಿ, ಕರುಳು ತೆಗೆದ ಮೀನು. ಬೀದಿಯಲ್ಲೇ ಕರೆಂಟಿಲ್ಲ. ಫ್ಯಾನಿಲ್ಲ, ಲೈಟಿಲ್ಲ. ಸ್ಕ್ರೂಡ್ರೈವರ್ ಕೈಲಿತ್ತು. ಯಾಕೆ ಇಟ್ಟೆನೋ... ಚಾಳಿ.

ಸಿಳ್ಳೆ.

ಗೋಡೆಗೆ ಇಟ್ಟೆ. ಸಿಳ್ಳೆ. ಬಾಗಿಲಿಗೆ. ನೀರಿನ ಬಕೆಟ್ಟಿಗೆ. ಸೂಜಿ ಹಾಗೆ, ಅದೇ. ಹೆಚ್ಚಿಲ್ಲ, ಕಮ್ಮಿ ಇಲ್ಲ.

ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಶಬ್ದ:

ಮಾರ್ಚ್ 22

ಹೆಂಡತಿಗೆ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಬೈಲಿಲ್ಲ. ಅದೇ ಮೈ ಉರಿಸಿತು.

"ಆ ಆಫೀಸರಿಗೆ ಹೋಗಿ ಹೇಳಿ ಬನ್ನಿ."

"ಏನಂತ? ಕಿವಿ ಮೇಸ್ತ್ರಿಗೆ ಕಿವಿ ಇಲ್ಲ ಅಂತಲಾ? ನಾಳೆಯಿಂದ ಯಾವನು ಬರ್ತಾನೆ ಈ ಶೆಡ್ಡಿಗೆ?"

"ಮಗಳಿಗಾದರೂ ಹೇಳಿ."

"ನೀನೇ ಹೇಳು."

"ಸಿಳ್ಳೆ ಇದೆ ಅಂದದ್ದು ನಿಮ್ಮ ಬಾಯಿ ರೀ. ನನ್ನದಲ್ಲ."

ಮಗಳ ರೂಮಿನ ಬಾಗಿಲವರೆಗೆ ಹೋದೆ. ತಟ್ಟಿದೆ. ಒಳಗಿಂದ ಏನೋ ಅಂದಳು. ಬಾ ಅಂದಳೋ, ಹೋಗು ಅಂದಳೋ. ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು ಅನ್ನೋಕೆ ಬಾಯಿ ಬರಲಿಲ್ಲ. ವಾಪಸ್ ಬಂದೆ.

ಮಾರ್ಚ್ 24, ಬೆಳಗ್ಗೆ

ಡಾಕ್ಟರಮ್ಮ — ಬರೆಸಿದ್ದು ನೀವು, ಓದೋದೂ ನೀವೇ. ಮುಂದಿನ ತಿಂಗಳು ಬನ್ನಿ ಅಂದಿದ್ದಿರಿ, ಅಲ್ಲಿವರೆಗೆ ಕಾಯಲ್ಲ. ಇವತ್ತೇ ಈ ಪುಸ್ತಕ ನಿಮ್ಮ ಮೇಜಿನ ಮೇಲೆ ಇಟ್ಟು ಬರ್ತೇನೆ.

ಸಿಳ್ಳೆ ಮೋಟಾರಿನದೋ, ನನ್ನದೋ? ಒಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ ಕೊಡಿ. ಆಸ್ಪತ್ರೆಗೆ ಹೋಗಿ ಆ ಆಫೀಸರ ಮುಂದೆ ಅದನ್ನಿಟ್ಟು ಬರ್ತೇನೆ. ನನ್ನ ಬಾಯಿಂದ ಅದು ಹೊರಡಲ್ಲ, ನೋಡಿಯಾಯ್ತು. ನೀವೂ ಬಾಯಲ್ಲಿ ಹೇಳಬೇಡಿ. ಬಾಯಲ್ಲಿ ಹೇಳಿದರೆ ಕೇಳಿಸಲಿಲ್ಲ ಅಂದುಬಿಡೋ ಜಾತಿ ನಾನು.

27, ಶುಕ್ರವಾರದೊಳಗೆ ಉತ್ತರ ಬೇಕು.