ಶಾಮಿಯಾನ ಸೋರಲಿಲ್ಲ

ಗಿರಿಯಣ್ಣ,

ಮಾತು ಬಿಟ್ಟ ಅಣ್ಣ-ತಂಗಿ ನಾವು, ಈ ಕಾಗದ ಕಳಿಸಲ್ಲ. ಆದ್ರೂ ಹೇಳ್ಬೇಕು. ಇವತ್ತು ಬೇತಮಂಗಲದಲ್ಲಿ ನನ್ನ ಮಗಳು ಅಂಬಿಕನ ಮದುವೆ. ಧಾರೆಗೆ ಮೊದಲೇ ಮಳೆ ಹಿಡೀತು. ಶಾಮಿಯಾನದ ಬಟ್ಟೆ ಪೂರ್ತಿ ನೆಂದೋಯ್ತು. ನಮ್ಮೆಜಮಾನ್ರು ಅದನ್ನ ಮುಟ್ಟಿ ನೋಡೋಕೆ ಕೈ ಎತ್ತಿದ್ರು. "ಮುಟ್ಬೇಡಿ!" ಅಂತ ಕಿರುಚಿಬಿಟ್ಟೆ.

ನೀರು ಮೈ ಚಾಚಬೇಕಂದ್ರೆ ಶಕ್ತಿ ಖರ್ಚಾಗ್ತದೆ, ಜಿಪುಣ ಅದು, ಎಳೆಗಳ ಮಧ್ಯೆ ಮುದುರ್ಕೊಂಡೇ ಕೂತಿರ್ತದೆ, ಬೆರಳು ತಾಗಿದ್ರೆ ದಾರಿ ಸಿಕ್ಕಿ ಇಳಿದುಬಿಡ್ತದೆ ಅಂತ ಚಿಕ್ಕವರಿದ್ದಾಗ ಉರಿಗಾಂ ರಸ್ತೇಲಿ, ಬಟ್ಟೆ ಛತ್ರಿ ಕೆಳಗೆ, ನನ್ನ ತಲೆಗೆ ಮೊಟಕಿ ಹೇಳ್ಕೊಟ್ಟಿದ್ದೆಯಲ್ಲ, ಅದನ್ನೇ ಎಲ್ರಿಗೂ ಹೇಳ್ದೆ. ಯಾರೂ ಮುಟ್ಟಲಿಲ್ಲ. ಮಳೆ ನಿಲ್ತು. ಹಸೆಮಣೆ ಒಣಗಿದ್ದಂಗೇ ಇತ್ತು. ಅಬ್ಬಾ, ಜೀವ ಬಂದಂಗಾಯ್ತು!

ಆಮೇಲೆ ಪುರೋಹಿತರು, "ಸೋದರಮಾವ ಹೆಣ್ಣನ್ನ ಕರ್ಕೊಂಡು ಬರ್ಲಿ" ಅಂದ್ರು. ಯಾರೂ ಏಳಲಿಲ್ಲ. ನಾನೇ ಅವಳ ಕೈ ಹಿಡ್ಕೊಂಡು ಬಂದೆ.

ಅಲ್ಲೀವರ್ಗೂ ಶಾಮಿಯಾನದೊಳಗೆ ಒಂದು ಹನೀನೂ ಬಿದ್ದಿರಲಿಲ್ಲ.